ಓಬಮ್ಮ ಅಳಕೂಡದು

ಓಬಮ್ಮ: ನಾನು ಹೋಗಲ್ಲ ಅಂದ್ರೆ ಹೋಗಲ್ಲ! ಮಂಚದ ಸಮೇತ ಎತ್ಕೊಂಡೋಗಿ ಬೀದಿಗಿಡ್ರಿ, ಅಲ್ಲೇ ಮಲಗಿರ್ತೀನಿ.

ಡಾಕ್ಟರ್: ಅಮ್ಮ, ನಿಮ್ಮ ಕಣ್ಣು ವಾಸಿಯಾಗಿದೆ. ವಾಸಿಯಾದೋರು ಮನೆಗೆ ಹೋಗ್ತಾರೆ. ಅದು ಆಸ್ಪತ್ರೆ ಪದ್ಧತಿ.

ಓಬಮ್ಮ: ಪದ್ಧತಿ ನಮ್ಮೂರಾಗೂ ಐತೆ ಸಾಮಿ. ಅದಕ್ಕೇ ಹೋಗಲ್ಲ ಅಂತಿರೋದು.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಪುಟ್ಟ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಓಬಮ್ಮ ಕಬ್ಬಿಣದ ಮಂಚದ ಸರಳನ್ನು ಎರಡು ಕೈಯಲ್ಲೂ ಹಿಡಿದು ಕುಳಿತಿದ್ದಳು. ಬಲಗಣ್ಣಿನ ಮೇಲೆ ಹತ್ತಿ, ಹತ್ತಿಯ ಮೇಲೆ ಹಸಿರು ಬಟ್ಟೆ. ಎಡಗಣ್ಣು ಚಿಕ್ಕಂದಿನಲ್ಲಿ ಸಿಡುಬಿನ ಅಮ್ಮ ಎದ್ದಾಗಲೇ ಹೋಗಿತ್ತು. ಇದ್ದೊಂದು ಬಲಗಣ್ಣಿಗೆ ಪೊರೆ ಬಂದು, ಆಪರೇಷನ್ ಆಗಿ, ಈಗ ಬೆಳಕು ಕಾಣತೊಡಗಿತ್ತು. ಗಂಡ ಗೋವಿಂದಪ್ಪ ಕಾಲ ಬಳಿ ನಿಂತಿದ್ದ. ಡಾಕ್ಟರು ಬೆಳಿಗ್ಗೆಯೇ 'ಡಿಸ್ಚಾರ್ಜ್' ಅಂದದ್ದರಿಂದ ಅವನು ಚೊಂಬು, ಚಾಪೆ, ಉಳಿದ ರಾಗಿಹಿಟ್ಟು ಎಲ್ಲವನ್ನೂ ಗಂಟು ಕಟ್ಟಿ ಹೆಗಲಿಗೇರಿಸಿದ್ದ. ಆಸ್ಪತ್ರೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತಾನೇ ಮುದ್ದೆ ಬೇಯಿಸಿ ಬೇಯಿಸಿ ಅವನ ಮೀಸೆಯ ಒಂದು ತುದಿ ಸುಟ್ಟುಹೋಗಿತ್ತು. ಊರಿಗೆ ಹೋಗುವ ಆತುರ ಆ ಮೀಸೆಗಿಂತ ಹೆಚ್ಚಾಗಿ ಇನ್ನಾರಿಗೂ ಇರಲಿಲ್ಲ.

ಗೋವಿಂದಪ್ಪ: ಡಾಕ್ಟ್ರೇ ಹೋಗು ಅಂತಾವ್ರೆ. ನೀನ್ಯಾಕಮ್ಮಿ ಹಟ ಮಾಡ್ತೀಯ?

ಓಬಮ್ಮ: ಡಾಕ್ಟ್ರು ಇನ್ನೊಂದು ಮಾತೂ ಅಂದವ್ರೆ. ಅದನ್ನ ಕಿವಿಗೆ ಹಾಕ್ಕೊಂಡ್ಯಾ? ಸಾಮಿ, ಇನ್ನೊಂದ್ಸಲ ಹೇಳ್ರಿ.

ಡಾಕ್ಟರ್: ಬಗ್ಗಬಾರದು. ಭಾರ ಎತ್ತಬಾರದು. ಹೊಗೆಗೆ ಹೋಗಬಾರದು. ಮಳೆಗಾಲ ಮುಗಿಯೋವರೆಗೂ ಅಳಬಾರದು. ಅತ್ತರೆ ಹೊಲಿಗೆ ಬಿಚ್ಕೊಂಡು ಕಣ್ಣು ಹೋಗುತ್ತೆ.

ಓಬಮ್ಮ: ಬಗ್ಗಲ್ಲ. ಎತ್ತಲ್ಲ. ಒಲೆ ಮುಂದೆ ಈ ಮನುಷ್ಯನ್ನ ಕೂರಿಸ್ತೀನಿ, ಪಳಗವ್ನೆ.

ಗೋವಿಂದಪ್ಪ ಮೀಸೆ ಮುಟ್ಟಿಕೊಂಡ.

ಓಬಮ್ಮ: ಆದ್ರೆ ಅಳಬ್ಯಾಡ ಅಂದ್ರೆ ಎಂಗೆ ಸಾಮಿ? ನಾನು ಊರಿಗೆ ಹೋಗ್ತಿದ್ದಂಗೇ ನನ್ನ ನಾದಿನಿ ಸಣ್ಣಕ್ಕ ಬತ್ತಾಳೆ. ನನ್ನ ಕೊರಳು ತಬ್ಕೊಂಡು ಅಳ್ತಾಳೆ. ನಾನೂ ಅಳಬೇಕು.

ಡಾಕ್ಟರ್: ಯಾಕೆ?

ವಾರ್ಡಿನಲ್ಲಿದ್ದ ಹೆಂಗಸರೆಲ್ಲ ಡಾಕ್ಟರ ಕಡೆ ತಿರುಗಿದರು. ಇಷ್ಟು ಓದಿದ ಮನುಷ್ಯ ಇಂಥ ಪ್ರಶ್ನೆ ಕೇಳಬಹುದೇ ಎಂದು ಗೋವಿಂದಪ್ಪನಿಗೂ ನಾಚಿಕೆಯಾಯಿತು.

ಗೋವಿಂದಪ್ಪ: ಕಷ್ಟ ದಾಟಿ ಬಂದೋರ್ನ ಮೊದಲ ಸಲ ನೋಡಿದಾಗ ಹೆಂಗಸ್ರು ತಬ್ಕೊಂಡು ಅಳಬೇಕು ಸಾಮಿ. ಅದು ಮರ್ಯಾದೆ. ಸಣ್ಣಕ್ಕ ಆದ್ಮೇಲೆ ಪೆದ್ದಕ್ಕ, ಆಮೇಲೆ ಗಂಗಕ್ಕ, ಆಮೇಲೆ ಬೀದಿ ಬೀದಿನೇ ಬತ್ತದೆ.

ಡಾಕ್ಟರ್: ಅವರು ಅಳಲಿ. ನೀವು ಸುಮ್ನೆ ಕೂತಿರಿ.

ಓಬಮ್ಮ: ಅತ್ತೋರ ಜತೆ ಅಳದೆ ಕಲ್ಲಾಗಿ ಕೂತ್ಕೊಳ್ಳಾ? ಊರು ಏನಂದೀತು? 'ಆಸ್ಪತ್ರೆಗೋದಳು, ಕಣ್ಣು ಬಂತು, ಕೊಬ್ಬೂ ಬಂತು' ಅಂತಾರೆ.

ಡಾಕ್ಟರ್: ಸರೇ, ಬಾಯಲ್ಲಿ ಮಾತ್ರ ಅಳಿ. ದನಿ ತೆಗೀರಿ, ನೀರು ಬೇಡ.

ಓಬಮ್ಮ: ನಮ್ಮ ಮೈದುನನ ಹೆಂಡ್ತಿ ಅಂಗೇ ಮಾಡಿದ್ಳು. ಒಣ ಅಳು. ಗಂಗಕ್ಕ ಕೆನ್ನೆ ಸವರಿ ನೋಡಿದ್ಳು, ತೇವ ಇಲ್ಲ! ಆವತ್ತಿಂದ ಅವರ ಮನೇಲಿ ಯಾರೂ ನೀರು ಮುಟ್ಟಲ್ಲ.

ಡಾಕ್ಟರ್: ಏಮಯ್ಯಾ ಗೋವಿಂದಪ್ಪ, ಬಾಗಿಲಿಗೆ ಒಂದು ಬೋರ್ಡು ಹಾಕು. 'ಇಲ್ಲಿ ಅಳಬಾರದು' ಅಂತ.

ಗೋವಿಂದಪ್ಪ: ಓದೋಕೆ ಬರೋದು ನಮ್ಮ ಬೀದೀಲಿ ಪೆದ್ದಕ್ಕಂಗೆ ಒಬ್ಬಳಿಗೇ ಸಾಮಿ. ಅವಳು ಅದನ್ನ ಓದಿ, 'ಅಯ್ಯೋ, ಅಳಬಾರದಂತಲ್ಲೇ ನನ್ನವ್ವಾ' ಅಂತ ಅಲ್ಲೇ ಶುರು ಮಾಡ್ತಾಳೆ.

ಡಾಕ್ಟರ್: ಹಾಗಾದ್ರೆ ನೀನೇ ಬಾಗಿಲಲ್ಲಿ ನಿಂತು ಅವರ ಅಳು ತಗೋ.

ಓಬಮ್ಮ: ಅಯ್ಯೋ ದೇವುಡಾ! ಬೀದಿ ಹೆಂಗಸ್ರೆಲ್ಲ ನನ್ನ ಗಂಡನ್ನ ತಬ್ಕೊಂಡು ಅಳಬೇಕಾ? ನನಗೆ ಕಣ್ಣು ಬಂದಿರೋದು ಅದನ್ನ ನೋಡೋಕಾ?

ಗೋವಿಂದಪ್ಪ ಗಂಟನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದ. ಬಾಯಿ ಬಿಟ್ಟರೆ ಯಾರ ಪರ ಮಾತಾಡಿದಂತಾಗುತ್ತದೋ ಅವನಿಗೆ ಗೊತ್ತಾಗಲಿಲ್ಲ.

ಡಾಕ್ಟರ್ ಚೆನ್ನಕೇಶವ ಹಿಂದೂಪುರದವನು, ಇನ್ನೂ ಮದುವೆಯಾಗದ ಹುಡುಗ. ಆಪರೇಷನ್ನಿನಲ್ಲಿ ಅವನ ಕೈ ಹೂವಿನಂತೆ ಹಗುರ ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿತ್ತು. ಆದರೆ ಬ್ರಹ್ಮಸಮುದ್ರದಿಂದ ಬಂದ ಮತ್ತೊಬ್ಬ ಅಜ್ಜಿ ಮಂಚವಿಲ್ಲದೆ ವರಾಂಡದಲ್ಲಿ ಕಾಯುತ್ತಿದ್ದಳು. ಅವನಿಗೆ ತಾಳ್ಮೆ ಕೆಟ್ಟಿತು.

ಡಾಕ್ಟರ್: ನೋಡಿ ಅಮ್ಮ, ಅಳು ಅನ್ನೋದು ನಮ್ಮ ಕೈಯಲ್ಲಿರುತ್ತೆ. ಮನಸ್ಸು ಗಟ್ಟಿ ಮಾಡಿದ್ರೆ ಯಾರೂ ಯಾರನ್ನೂ ಅಳಿಸೋಕಾಗಲ್ಲ. ಇದು ಸೈನ್ಸು.

ಓಬಮ್ಮ: ಅಂಗಾ? ಎರ್ರಮ್ಮ, ಕೇಳಿದ್ಯೇನಮ್ಮ?

ಪಕ್ಕದ ಮಂಚದಲ್ಲಿ ಕಾಲಿಗೆ ಬಿಳಿ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಎರ್ರಮ್ಮ ಮೊಣಕೈಯೂರಿ ಎದ್ದಳು. ಅವಳು ಅತ್ತರೆ ಎತ್ತುಗಳೂ ಮೇವು ಬಿಡುತ್ತವೆ ಎಂದು ಅವರ ಊರಿನಲ್ಲಿ ಮಾತಿತ್ತು. ಎರಡೂರಾಚೆಯಿಂದ ಅವಳನ್ನು ಅಳಲು ಕರೆಯುತ್ತಿದ್ದರು.

ಎರ್ರಮ್ಮ: ಕೇಳಿದೆ ಕಣಮ್ಮ. ಡಾಕ್ಟ್ರಪ್ಪ, ಬಾ ಇಲ್ಲಿ, ಕುಂತ್ಕೋ. ನಿನ್ನ ಕೈ ಕೊಡು.

ಡಾಕ್ಟರ್: ಧಾರಾಳವಾಗಿ. ನಾನು ಅಳೋದಿಲ್ಲ.

ಓಬಮ್ಮ: ನನ್ನ ಕಿವಿ ಮುಚ್ರೋ ಯಾರಾದ್ರೂ! ಬೇಗ!

ಗೋವಿಂದಪ್ಪ ಗಂಟನ್ನು ಕೆಳಗೆಸೆದು ಹೆಂಡತಿಯ ಎರಡು ಕಿವಿಯನ್ನೂ ಒತ್ತಿಹಿಡಿದ.

ಎರ್ರಮ್ಮ: ಮನೇಲಿ ಯಾರವ್ರಪ್ಪ?

ಡಾಕ್ಟರ್: ಅಮ್ಮ ಒಬ್ರೇ.

ಎರ್ರಮ್ಮ: ಹಬ್ಬಕ್ಕೆ ಹೋಗಿದ್ಯಾ?

ಡಾಕ್ಟರ್: ಇಲ್ಲ... ರಜಾ ಸಿಗಲಿಲ್ಲ.

ಎರ್ರಮ್ಮ: ಸಾಕು ಬಿಡು.

ಎರ್ರಮ್ಮ ಸೆರಗಿನಿಂದ ಬಾಯೊರೆಸಿಕೊಂಡು, ಒಂದು ಸಲ ಕೆಮ್ಮಿ, ಡಾಕ್ಟರ ಭುಜದ ಮೇಲೆ ತಲೆಯಿಟ್ಟು ರಾಗ ಎಳೆದಳು.

ಎರ್ರಮ್ಮ: ಊರೋರ ಕಣ್ಣೆಲ್ಲ ನೋಡ್ದೋನೇ ನನ್ನ ಕಂದಾ... ನಿಮ್ಮವ್ವನ ಕಣ್ಣು ಯಾರು ನೋಡ್ತಾರೋ... ಹೋಳಿಗೆ ತಟ್ಟಿ ಬಾಗಿಲಾಗೆ ಕುಂತವಳೋ... ಗೋರಂಟ್ಲದ ಬಸ್ಸು ಬಂತು, ಮಗ ಇಳೀಲಿಲ್ಲ... ಪೆನುಕೊಂಡದ ಬಸ್ಸು ಬಂತು, ಮಗ ಇಳೀಲಿಲ್ಲ... ತಟ್ಟೇಲಿದ್ದ ಹೋಳಿಗೆ ಆರೋಯ್ತೋ ನನ್ನ ದೊರೆಯೇ...

ಡಾಕ್ಟರ್ ಚಾವಣಿ ನೋಡಿದ. ಗಡಿಯಾರ ನೋಡಿದ. ಕೊರಳಲ್ಲಿದ್ದ ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಳ್ಳಲು ಹೋದ. ಎರ್ರಮ್ಮ ಆ ಕೈಯನ್ನೂ ಹಿಡಿದುಕೊಂಡಳು. ಅವನ ಗಲ್ಲ ನಡುಗಿತು.

ಡಾಕ್ಟರ್: ಹೋಳಿಗೆ ಅಲ್ಲ...

ಎರ್ರಮ್ಮ: ಮತ್ತೇನು ನನ್ನಪ್ಪಾ...

ಡಾಕ್ಟರ್: ಕಡುಬು! ನಮ್ಮಮ್ಮ ಮಾಡೋದು ಕಡುಬು...

ಅಲ್ಲಿಗೆ ಕಟ್ಟೆ ಒಡೆಯಿತು. ವಾರ್ಡಿಗೆ ವಾರ್ಡೇ ಅತ್ತಿತು. ನರ್ಸು ಇಂಜೆಕ್ಷನ್ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ಕುಳಿತು ಅತ್ತಳು. ಗೋವಿಂದಪ್ಪನ ಕಣ್ಣಲ್ಲೂ ದಳದಳ ನೀರು ಸುರಿಯಿತು. ಕೈಗಳೆರಡೂ ಹೆಂಡತಿಯ ಕಿವಿಯ ಮೇಲಿದ್ದುದರಿಂದ ಒರೆಸಿಕೊಳ್ಳಲು ದಾರಿಯಿರಲಿಲ್ಲ. ಓಬಮ್ಮ ಒಬ್ಬಳೇ, ಹಬ್ಬದ ಮನೆಯಲ್ಲಿ ಉಪವಾಸ ಕುಳಿತವಳಂತೆ, ಒಣಗಣ್ಣಿನಲ್ಲಿ ಕುಳಿತಿದ್ದಳು.

ಓಬಮ್ಮ: ಮುಗೀತಾ? ಡಾಕ್ಟ್ರು ಏನಂತಾರೆ?

ಡಾಕ್ಟರ್ (ಮೂಗೊರೆಸಿಕೊಳ್ಳುತ್ತ): ಇದು ಡೇಂಜರಮ್ಮ. ಬಹಳ ಡೇಂಜರ್. ಡಿಸ್ಚಾರ್ಜ್ ಕ್ಯಾನ್ಸಲ್. ನೀವು ಊರಿಗೆ ಹೋಗೋ ಹಾಗೇ ಇಲ್ಲ. ಆ ಅಜ್ಜಿಗೆ ನನ್ನ ರೂಮಿನ ಮಂಚ ತಂದು ಹಾಕಿಸ್ತೀನಿ.

ಗೋವಿಂದಪ್ಪ ಮೀಸೆಯನ್ನೊಮ್ಮೆ, ಹಿತ್ತಲಿನ ಮೂರು ಕಲ್ಲುಗಳನ್ನೊಮ್ಮೆ ನೆನೆದು ನಿಟ್ಟುಸಿರುಬಿಟ್ಟ. ಆದರೂ ಅವಳ ಕಣ್ಣು ಉಳಿಯಿತಲ್ಲ ಎಂದು ಮನಸ್ಸು ಹಗುರಾಯಿತು. ಊರಿನ ಗಾಡಿ ಊರ ಮುಂದಿನ ಕುಂದುರ್ಪಿ ರಸ್ತೆಗೆ ಬಂದು ಬಸ್ಸಿಗಾಗಿ ಸುಮ್ಮನೆ ಕಾಯಬಾರದೆಂದು ಬಸ್‌ಸ್ಟ್ಯಾಂಡಿಗೆ ಓಡಿದ. ಡ್ರೈವರು ಹ್ಯಾಂಡಲ್ ತಿರುಗಿಸಿ ಬಸ್ಸನ್ನು ಎಬ್ಬಿಸುತ್ತಿದ್ದ. ತಮ್ಮೂರಿನವನೇ ಆದ ಕಂಡಕ್ಟರ್ ಯರ್ರಿಸ್ವಾಮಿಗೆ ಗೋವಿಂದಪ್ಪ ಕಿಟಕಿಯಿಂದ ಒಂದೇ ಮಾತು ಕೂಗಿ ಹೇಳಿ ಬಂದ: 'ಓಬಮ್ಮನ್ನ ಡಾಕ್ಟ್ರು ಕಳಿಸಲ್ವಂತೆ, ಗಾಡಿ ಬ್ಯಾಡ ಅನ್ನು.'

ಮಧ್ಯಾಹ್ನ ಮುದ್ದೆ ಉಂಡು ಗೋವಿಂದಪ್ಪ ಮಂಚದ ಕೆಳಗೆ ತೂಕಡಿಸುತ್ತಿದ್ದ. ಯರ್ರಿಸ್ವಾಮಿ ಖಾಕಿ ಅಂಗಿಯ ಗುಂಡಿ ಬಿಚ್ಚಿಕೊಂಡು, ಏದುಸಿರು ಬಿಡುತ್ತ ಒಳಗೆ ನುಗ್ಗಿದ.

ಯರ್ರಿಸ್ವಾಮಿ: ಗೋವಿಂದಪ್ಪಣ್ಣ! ಓಬಕ್ಕ ಇನ್ನೂ... ಅರೆ, ಕುಂತವಳಲ್ಲ! ಕಡ್ಲೆಕಾಯಿ ತಿಂತಾವಳೆ!

ಗೋವಿಂದಪ್ಪ: ಯಾಕ್ಲಾ, ತಿನ್ನಬಾರದಾ?

ಯರ್ರಿಸ್ವಾಮಿ: ತಿನ್ಲಿ ಕಣಣ್ಣ. ಆದ್ರೆ ಊರೆಲ್ಲ ನನ್ನ ಬಸ್ಸಾಗೆ ಬಂದ್ಬುಟ್ಟೈತೆ! ಸಣ್ಣಕ್ಕ, ಪೆದ್ದಕ್ಕ, ಗಂಗಕ್ಕ, ಮೇಲ್ಗಡೆ ಬೀದಿ, ಕೆಳಗಡೆ ಬೀದಿ. ಟಾಪ್ ಮೇಲೂ ಹೆಂಗಸ್ರೇ!

ಡಾಕ್ಟರ್: ಏನು ಹೇಳಿದೆ ನೀನು ಅವರಿಗೆ?

ಯರ್ರಿಸ್ವಾಮಿ: ಅಣ್ಣ ಹೇಳಿದ್ದನ್ನೇ ಸಾಮಿ. ಡಾಕ್ಟ್ರು ಕಳಿಸಲ್ಲ ಅಂತ. ಪೆದ್ದಕ್ಕ ಕೇಳಿದ್ಳು, 'ಹೋದ ವಾರ, ಇವತ್ತು ಕಳಿಸ್ತೀನಿ ಅಂದೋರು ಈಗ ಯಾಕಂತೆ ಬಿಡಲ್ಲ?' ನಂಗೇನು ಗೊತ್ತು? ಗೊತ್ತಿಲ್ಲ ಅಂದೆ. 'ಗೊತ್ತಿಲ್ಲ ಅಂತಾನೆ, ಬಾಯಿ ಬಿಡ್ತಿಲ್ಲ' ಅಂದ್ಳು. ಗಂಗಕ್ಕ ಕೇಳಿದ್ಳು, 'ಅವರ ಮನೆಯೋರು ಹೆಂಗಿದ್ರು?' ಅಣ್ಣನ ಕಣ್ಣೆಲ್ಲ ಕೆಂಪಗಿತ್ತು, ಅತ್ತಂಗಿದ್ದ ಅಂದೆ. ಇದ್ದದ್ದನ್ನೇ ಅಂದೆ! ಅಷ್ಟೇ ನೋಡು, ಓಬಕ್ಕ ಇನ್ನು ಉಳಿಯಲ್ಲ ಅಂತ ಮೊರಗಳನ್ನ ಅಲ್ಲಲ್ಲೇ ಬಿಸಾಕಿ ಬಸ್ಸು ಹತ್ತಿದ್ರು.

ಗೋವಿಂದಪ್ಪ ಮಂಚದ ಕೆಳಗಿಂದ ತೆವಳಿಕೊಂಡು ಹೊರಬಂದ.

ಓಬಮ್ಮ: ಈಗ ಎಲ್ಲವ್ರೆ?

ಯರ್ರಿಸ್ವಾಮಿ: ಬಸ್‌ಸ್ಟ್ಯಾಂಡ್ ನಲ್ಲೀಲಿ ಮುಖ ತೊಳೀತಾವ್ರೆ. ಮೊದಲು ಅಳೋದು ಯಾರು ಅಂತ ಸಣ್ಣಕ್ಕಂಗೂ ಪೆದ್ದಕ್ಕಂಗೂ ಜಗಳ ಬಿದ್ದೈತೆ. ಹತ್ರದ ಸಂಬಂಧ ನಂದು ಅಂತ ಅವಳು, ವಯಸ್ಸು ನಂದು ಅಂತ ಇವಳು. ನಾನು ಸಂದೀಲಿ ಓಡಿ ಬಂದೆ.

ಓಬಮ್ಮ: ಡಾಕ್ಟ್ರಪ್ಪ! ಡಿಸ್ಚಾರ್ಜು ಕೊಡು! ಈಗಲೇ ಕೊಡು!

ಡಾಕ್ಟರ್: ಬೆಳಿಗ್ಗೆ ಕೊಟ್ಟೆ, ಬೇಡ ಅಂದ್ರಿ!

ಓಬಮ್ಮ: ಬೆಳಿಗ್ಗೆ ಅಳು ಊರಾಗಿತ್ತು, ಈಗ ಇಲ್ಲಿಗೆ ಬಂದೈತೆ! ಒಬ್ಬೊಬ್ಬರಾಗಿ ಬಂದಿದ್ರೆ ಒಂದು ಥರ. ಬಸ್ಸುಗಟ್ಲೆ ಅಳು ತಡೆಯೋ ಕಣ್ಣಾ ಇದು?

ಡಾಕ್ಟರ್: ಊರಿಗೆ ಹೋದ್ರೂ ಅಳಬೇಕಲ್ಲಮ್ಮ!

ಗೋವಿಂದಪ್ಪನಿಗೆ ಮಿಂಚು ಹೊಡೆದಂತಾಯಿತು. ಮದುವೆಯಾದಾಗಿನಿಂದ ಹೆಂಡತಿಗಿಂತ ಮೊದಲು ಅವನಿಗೆ ಹೊಳೆದ ವಿಚಾರ ಅದೊಂದೇ.

ಗೋವಿಂದಪ್ಪ: ಯರ್ರಿಸ್ವಾಮಿ, ಊರಾಗೆ ಈಗ ಯಾರವ್ರೆ?

ಯರ್ರಿಸ್ವಾಮಿ: ನಾಯಿಗಳವೆ.

ಗೋವಿಂದಪ್ಪ: ಹೆಂಗಸ್ರು?

ಯರ್ರಿಸ್ವಾಮಿ: ಒಂದು ಪಿಳ್ಳೆನೂ ಇಲ್ಲ.

ಗೋವಿಂದಪ್ಪ: ಬಸ್ಸು ವಾಪಸ್ಸು?

ಯರ್ರಿಸ್ವಾಮಿ: ಈಗಲೇ. ಖಾಲಿ ಹೊಡೀಬೇಕು ಅಂತ ಡ್ರೈವರು ಬೈತಾವನೆ.

ಗೋವಿಂದಪ್ಪ ಗಂಟು ಎತ್ತಿದ. ಡಾಕ್ಟರ್ ತಾನೇ ಓಬಮ್ಮನ ರಟ್ಟೆ ಹಿಡಿದು ಇಳಿಸಿದ.

ಡಾಕ್ಟರ್: ಹಿಂದಿನ ಬಾಗಿಲಿಂದ ಹೋಗಿ. ಮುಂದಿನ ಸೀಟಲ್ಲೇ ಕೂರಿಸು. ಕುಲುಕಾಟ ಕಮ್ಮಿ. ಆದ್ರೆ ಅವರೆಲ್ಲ ಸಂಜೆ ವಾಪಸ್ ಬಂದು ಅತ್ತರೆ?

ಓಬಮ್ಮ: ಅಳಲ್ಲ. ಒಂದು ಕಷ್ಟಕ್ಕೆ ಒಂದೇ ಅಳು ಸಾಮಿ. ಇಲ್ಲಿ ಅತ್ತುಬಿಟ್ರೆ ಆಮೇಲೆ ಊರಾಗೆ ಬರೀ ಮಾತು.

ಡಾಕ್ಟರ್: ಇಲ್ಲಿ ಯಾರನ್ನ ತಬ್ಕೊಂಡು ಅಳ್ತಾರೆ? ನೀವು ಇರಲ್ಲವಲ್ಲ!

ಓಬಮ್ಮ ಬಾಗಿಲಲ್ಲಿ ನಿಂತಳು. ಹಸಿರು ಬಟ್ಟೆಯನ್ನೂ ಹತ್ತಿಯನ್ನೂ ಒಂದಿಷ್ಟು ಸರಿಸಿ, ಹೊಸ ಕಣ್ಣಿನಿಂದ ಡಾಕ್ಟರನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

ಓಬಮ್ಮ: ಕಣ್ಣು ಕೊಟ್ಟೋನು ಹೊಟ್ಟೇಲಿ ಹುಟ್ಟಿದ ಮಗನಂಗೆ. ಅವ್ವನ ಬದಲು ಮಗ ಅಳು ತಗೋಬಹುದು, ತಪ್ಪಿಲ್ಲ.

ಡಾಕ್ಟರ್: ಅಮ್ಮಾ, ನಾನು ಗಂಡಸು!

ಎರ್ರಮ್ಮ (ಮಂಚದಿಂದ): ಬೆಳಿಗ್ಗೆ ನಾನು ರಾಗ ಎಳೆದಾಗ ನೆನಪಾಗಲಿಲ್ವೇನಪ್ಪ? ಬಾ, ಕುಂತ್ಕೋ. ಎಲ್ಲಿ ದನಿ ಏರಿಸಬೇಕೋ ನಾನು ಹೇಳ್ತೀನಿ.

ಮುಂಬಾಗಿಲಲ್ಲಿ ಬಳೆಗಳ ಸದ್ದು ಕೇಳಿಸಿತು. ಡಾಕ್ಟರ್ ಒಮ್ಮೆ ಹಿಂಬಾಗಿಲನ್ನು ನೋಡಿದ. ಮರುಗಳಿಗೆ ಖಾಲಿ ಮಂಚದ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡ.

ಗೋವಿಂದಪ್ಪ ಹೆಂಡತಿಯ ಕೈ ಹಿಡಿದು ಸಂದಿ ದಾಟಿ ಬಸ್ಸಿಗೆ ಹತ್ತಿಸಿದ. ಯರ್ರಿಸ್ವಾಮಿ ಸೀಟಿ ಊದುವಷ್ಟರಲ್ಲಿ ಆಸ್ಪತ್ರೆಯ ಕಡೆಯಿಂದ ಊರಿಗೆ ಊರೇ ಅಳುವ ಸದ್ದೆದ್ದಿತು. ಅದರ ನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ, ಒಂದು ಗಂಡು ದನಿ ಎಳೆದೆಳೆದು ಬರುತ್ತಿತ್ತು.

ಓಬಮ್ಮ ತಲೆ ವಾಲಿಸಿ, ಕಸುಬು ಬಲ್ಲವಳಂತೆ ಆಲಿಸಿದಳು.

ಓಬಮ್ಮ: ಪರವಾಗಿಲ್ಲ ಹುಡುಗ. ಒಂದೇ ಹಗಲಲ್ಲಿ ಇಷ್ಟು ಕಲ್ತವ್ನೆ ಅಂದ್ರೆ, ಡಾಕ್ಟ್ರಿಕೆ ಮಾಡ್ಕೊಂಡು ಯಾಕೆ ಹಾಳಾಗ್ತಾವ್ನೋ!