ಕೋವಿಗೆ ಎಣ್ಣೆಸ್ನಾನ

ಸೂರ್ಯಪ್ರಕಾಶನ ಮನೆಯ ಕೋವಿ ಕೋತಿಗಳಿಗೆ ಹೆದರುತ್ತದೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಬೆಳಿಗ್ಗೆ ಏಳಕ್ಕೆ ಕೋತಿಗಳ ದಂಡು ತೆಂಗಿನ ತೋಟಕ್ಕೆ ಬಂದಾಗ ಕೋವಿಯ ಕುದುರೆ (ಅದೇ, ಟ್ರಿಗರ್) ಎಳೆದರೆ ಅದು ‘ಚಟ್’ ಅಂದು ಸುಮ್ಮನಾಗುತ್ತಿತ್ತು. ಕೋತಿಗಳೆಲ್ಲ ತಿಂದು ತೇಗಿ ಹೋದ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ ಪರೀಕ್ಷೆಗೆಂದು ಹೊಡೆದರೆ ಒಮ್ಮೊಮ್ಮೆ ‘ಢಂ’ ಅನ್ನುತ್ತಿತ್ತು.

ಅದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಗಜವೆಂಬ ಕಬ್ಬಿಣದ ಸರಳಿನಿಂದ ಜಡಿದು, ಹಿಂದಿನ ಪುಟ್ಟ ಮೂತಿಗೆ ಕಿಡಿ ಹುಟ್ಟಿಸುವ ಕೇಪು ಕೂರಿಸಿ ಹೊಡೆಯಬೇಕು. ಬೆಳೆ ಕಾಯಲೆಂದು ಅಪ್ಪ ಲೈಸೆನ್ಸು ಮಾಡಿಸಿದ್ದರು, ಅವರ ನಂತರ ಮಗನ ಹೆಸರಿಗೆ ಬಂತು. ಚರೆಗುಂಡು ಮಾತ್ರ ಹಾಕಬಾರದೆಂದು ತಾಯಿ ಹುಚ್ಚಕ್ಕನ ಕಟ್ಟಪ್ಪಣೆ. (“ಆಂಜನೇಯನ ಕುಲ ಕಣ್ಲಾ. ಸದ್ದು ಮಾಡಿ ಓಡ್ಸು, ಅಷ್ಟೇಯ.”)

ಕೋವಿ ಕೈಕೊಟ್ಟಾಗಿನಿಂದ ಕೋತಿ ಓಡಿಸುವ ಕೆಲಸ ಹೆಂಡತಿ ಪವಿತ್ರಾಳ ಪಾಲಿಗೆ ಬಿದ್ದಿತ್ತು. ಡಿಸೆಂಬರಿನ ಚಳಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ಖಾಲಿ ಎಣ್ಣೆ ಡಬ್ಬ ಬಡಿಯುತ್ತಾ ಮರದಿಂದ ಮರಕ್ಕೆ ಓಡಬೇಕು. ಎರಡು ತಿಂಗಳು ಓಡಿದಳು. ಒಂದು ಬೆಳಿಗ್ಗೆ ಡಬ್ಬವನ್ನು ತಂದು ಗಂಡನ ಕಾಫಿ ಲೋಟದ ಪಕ್ಕ ಕುಕ್ಕಿದಳು.

“ರೀ, ಸ್ಕೂಲಲ್ಲಿ ಸೈನ್ಸ್ ಹೇಳ್ಕೊಡೋರು ನೀವು. ಮನೇಲಿರೋ ಒಂದು ಕೋವಿ ರಿಪೇರಿ ಮಾಡಕ್ಕಾಗಲ್ವಾ?”

ಸೂರ್ಯಪ್ರಕಾಶನಿಗೆ ತಗುಲಬೇಕಾದ ಕಡೆಯೇ ತಗುಲಿತು. ಆ ಮನೆತನದಲ್ಲಿ ಬಿ.ಎಸ್ಸಿ. ಎಂಬ ಮೂರಕ್ಷರ ಮೊದಲು ತಂದವನು ಅವನು. ನೋಟ್ ಪುಸ್ತಕ ತೆಗೆದು ಅಡಿಗೆರೆ ಎಳೆದು ಬರೆದ: ‘ಬರುವ ಭಾನುವಾರದಿಂದ ವಾನರ ನಿವಾರಣೆಯ ಸಂಪೂರ್ಣ ಹೊಣೆ ನನ್ನದು.’ ಕೆಳಗೆ ಸಹಿಯನ್ನೂ ಹಾಕಿದ.

“ಕೋವಿ ಹಾರದಿದ್ರೆ?” ಎಂದಳು ಪವಿತ್ರಾ.

“ಡಬ್ಬ ನಾನು ಬಡೀತೀನಿ.”

ಆ ಪುಟವನ್ನು ಅವಳು ಜೋಪಾನವಾಗಿ ಹರಿದು ದೇವರ ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು.

ಸಂಶೋಧನೆ ಶುರುವಾಯಿತು. ಮದ್ದು ಥಂಡಿ ಹಿಡಿದಿರಬಹುದೆಂದು ಮೊರದಲ್ಲಿ ಹರವಿ ಬಿಸಿಲಿಗಿಟ್ಟ. ಅದರ ಪಕ್ಕದಲ್ಲೇ ಹುಚ್ಚಕ್ಕನ ಸಂಡಿಗೆ ಒಣಗುತ್ತಿದ್ದುದರಿಂದ ಯಾವುದು ಯಾವುದೆಂದು ಕಾವಲು ಕೂರಬೇಕಾಯಿತು. ಕೋವಿ ಚಟ್ ಎಂದಿತು. ಹೊಸ ಕೇಪು ತಂದ. ಅದೂ ಚಟ್. ಕುದುರೆಯ ಸ್ಪ್ರಿಂಗ್ ಪಟ್ಟಿ ಸಡಿಲವಾಗಿರಬೇಕೆಂದು ಅದನ್ನು ಬಿಚ್ಚಿಕೊಂಡು ತುರುವೇಕೆರೆಯ ಮೆಕ್ಯಾನಿಕ್ ಶೌಕತ್ ಅಲಿಯ ಬಳಿಗೆ ಹೋದ.

ಶೌಕತ್ ಅಲಿ ಪಟ್ಟಿಯನ್ನು ಬಗ್ಗಿಸಿ ನೋಡಿ ವಾಪಸು ಕೊಟ್ಟ. “ಇದು ಕುದುರೆ ಅಲ್ಲ ಸಾರ್, ಆನೆ. ಇದ್ರಲ್ಲಿ ಏನೂ ಖರಾಬಿಲ್ಲ. ಬೆಂಕಿ ಹುಟ್ತೈತೆ, ಒಳಗೆ ಹೋಗ್ತಿಲ್ಲ. ದಾರಿ ಎಲ್ಲೋ ಬಂದ್ ಆಗೈತೆ ನೋಡ್ರಿ.”

ದಾರಿ ಬಂದ್ ಆಗಿದ್ದರೆ ಅದಕ್ಕೆ ಮದ್ದು ಒಂದೇ ಎಂದುಕೊಂಡ ಸೂರ್ಯಪ್ರಕಾಶ: ಎಣ್ಣೆ! ಅವನೇನು ಮಾಡಿಯಾನು, ತೆಂಗಿನ ಸೀಮೆಯಲ್ಲಿ ಹುಟ್ಟಿದವನು. ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಸೈಕಲ್ ಚೈನಿಗೆ ಕೊಬ್ಬರಿ ಎಣ್ಣೆ, ಮಗು ಅತ್ತರೆ ನೆತ್ತಿಗೆ ಕೊಬ್ಬರಿ ಎಣ್ಣೆ. ಕೋವಿಗೂ ಎರಡು ತಿಂಗಳಿಂದ ಅದನ್ನೇ ಮಾಡುತ್ತಿದ್ದ. ಚಟ್ ಎಂದಾಗಲೆಲ್ಲ ಕೋಪಕ್ಕೆ ಒಂದು ಮಿಳ್ಳೆ, ಅಪರೂಪಕ್ಕೆ ಢಂ ಎಂದರೆ ಖುಷಿಗೆ ಇನ್ನೊಂದು ಮಿಳ್ಳೆ. ಅಂದು ಸಂಜೆ ಎರಡು ಬಿಟ್ಟ.

ಶನಿವಾರ ಬೆಳಿಗ್ಗೆಯೂ ಚಟ್. ಬೇಲಿಯಾಚೆ ತನ್ನ ತೋಟದಲ್ಲಿ ನಿಂತಿದ್ದ ಕಾಡಸಿದ್ದಪ್ಪ ಹಲ್ಲುಜ್ಜುವ ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದ.

“ಮೇಷ್ಟ್ರೇ, ಅದ್ಕೂ ಸ್ಕೂಲ್ ಪಾಠ ಬುಟ್ಟು ಮನೆಪಾಠ ಹೇಳಿದ್ರೇನೋ ಕಲಿಯೋದು!”

ಮನೆಗೆ ಬಂದ ಸೂರ್ಯಪ್ರಕಾಶ ಜಗಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತ. ಎದುರಿಗೆ ಪವಿತ್ರಾ ತಲೆಗೆ ಹಚ್ಚುವ ಎಣ್ಣೆ ಸೀಸೆಯನ್ನು ಬಿಸಿಲಿಗೆ ಇಡುತ್ತಿದ್ದಳು. ಚಳಿಗೆ ಎಣ್ಣೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಅವಳು ಸೀಸೆಯನ್ನು ನೋಡಿದಳು, ಕೋವಿಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

“ರೀ, ಇದಕ್ಕೆ ಯಾವ ಎಣ್ಣೆ ಬಿಟ್ರಿ?”

“ಗಾಣದ್ದು. ಶುದ್ಧವಾದ್ದು.”

“ಇದು ಮಧ್ಯಾಹ್ನ ಹಾರಿ ಬೆಳಿಗ್ಗೆ ಯಾಕೆ ಹಾರಲ್ಲ ಅಂತ ಈಗ ಗೊತ್ತಾಯ್ತು ಬಿಡಿ,” ಎಂದವಳೇ ಅಡುಗೆಮನೆಯಿಂದ ಪಂಪ್ ಸ್ಟೌವಿನ ಪಿನ್ನು ತಂದಳು. “ಮೊದಲು ಒಳಗಿರೋ ಮದ್ದು ತೆಗೀರಿ.”

ಗಜದ ತುದಿಯ ತಿರುಪಿನಿಂದ ಅವನು ನಾರನ್ನೂ ಮದ್ದನ್ನೂ ಕಿತ್ತು ತೆಗೆದ. ಮದ್ದು ಎಣ್ಣೆಯಲ್ಲಿ ನೆಂದು ಹುಚ್ಚೆಳ್ಳು ಚಟ್ನಿಯಂತಾಗಿತ್ತು. ಕೇಪು ಕೂರುವ ಮೂತಿಗೆ ಪವಿತ್ರಾ ಪಿನ್ನು ಚುಚ್ಚಿ ತೆಗೆದಳು. ತುದಿಯಲ್ಲಿ ಬೆಳ್ಳಗೆ ಒಂದು ಮುದ್ದೆ. ಮೂಸಿದಳು.

“ಬರ್ಫಿ ಮಾಡ್ಬಹುದು.”

ರಸಾಯನಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದವನು ಪಿನ್ನು ಇಸಿದುಕೊಂಡು ತಾನೂ ಮೂಸಿದ.

ಅಷ್ಟರಲ್ಲಿ ಹುಚ್ಚಕ್ಕ ಹೊರಬಂದು ನಳಿಗೆಯೊಳಗೆ ಬೆರಳು ಹಾಕಿ ನೋಡಿದಳು. ಬೆರಳು ಮಸಿಯಾಯಿತು. “ಅಯ್ಯೋ ಶಿವನೇ! ನಿಮ್ಮಪ್ಪ ಹೊಡೆದ ದಿನವೇ ಬಿಸ್ನೀರು ಹುಯ್ದು ತೊಳೀತಿದ್ರು ಕಣ್ಲಾ. ಹೊಗೆ ಕಿಟ್ಟ ಒಳಗೇ ಕೂತ್ರೆ ಹೆಂಗ್ ಹಾರೀತು? ಎಣ್ಣೆ ಹಚ್ಚಿ ನೀರು ಹುಯ್ಯದೆ ಬುಟ್ಟಿದೀಯಲ್ಲ, ಬಾಣಂತಿಗಾದ್ರೆ ಹಂಗೆ ಬುಡ್ತಾರಾ?”

“ಮೊದ್ಲೇ ಹೇಳಬಾರದಿತ್ತೇನಮ್ಮ?”

“ನೀನು ಪುಸ್ತಕ ಹಿಡ್ಕೊಂಡಿದ್ದೆ. ಓದೋ ಹೈದನ್ನ ಯಾಕೆ ಕೆಣಕೋದು ಅಂತ ಸುಮ್ಕಿದ್ದೆ.”

ಬಚ್ಚಲಲ್ಲಿ ಕೋವಿಗೆ ಸಾಂಗೋಪಾಂಗ ಎಣ್ಣೆಸ್ನಾನವಾಯಿತು. ಹಂಡೆಯ ಕುದಿನೀರು, ಸೀಗೆಪುಡಿ. ಅತ್ತೆ ಹುಯ್ದರು, ಸೊಸೆ ಗಜಕ್ಕೆ ಬಟ್ಟೆ ಸುತ್ತಿ ತಿಕ್ಕಿದಳು, ಮೇಷ್ಟ್ರು ನೀರು ಹೊತ್ತರು. ಮೊದಲ ನೀರು ಕಾಡಿಗೆ, ಎರಡನೆಯದು ಕಷಾಯ, ಐದನೆಯದು ಎಳನೀರು. ಆಮೇಲೆ ಒರೆಸಿ ಬಿಸಿಲಲ್ಲಿ ಒಣಗಿಸಿದರು. (ಸಾಂಬ್ರಾಣಿ ಹೊಗೆ ಕೊಡುವುದೊಂದು ಬಾಕಿ. ಹುಚ್ಚಕ್ಕ ಅದನ್ನೂ ಕೇಳಿದಳು, ಮಗ ತಡೆದ.)

ಭಾನುವಾರ ಏಳು ಗಂಟೆ. ಅಜ್ಜ ನೆಟ್ಟ ಅರವತ್ತಡಿಯ ಮರದಲ್ಲಿ ಕೆಂಪು ಮೂತಿಯ ಗಡವ ಕೋತಿ ಎಳೆಗಾಯಿ ಕಿತ್ತು ಕಿತ್ತು ಕೆಳಕ್ಕೆ ಎಸೆಯುತ್ತಿತ್ತು. ಬೇಲಿಯಾಚೆ ಕಾಡಸಿದ್ದಪ್ಪ ಬೇವಿನ ಕಡ್ಡಿಯೊಂದಿಗೆ ಹಾಜರು. ಸೂರ್ಯಪ್ರಕಾಶ ಮದ್ದು ಸುರಿದ, ನಾರು ತುರುಕಿದ, ಗಜದಿಂದ ಜಡಿಯತೊಡಗಿದ.

“ಜಡೀರಿ ಮೇಷ್ಟ್ರೇ, ಅವಲಕ್ಕಿ ಆಗೋಗ್ಲಿ!”

ಸೂರ್ಯಪ್ರಕಾಶನ ರಕ್ತ ಕುದಿಯಿತು. ಗಜವನ್ನು ಬಿಟ್ಟ, ಕೇಪು ಕೂರಿಸಿದ, ಕೋವಿ ಆಕಾಶಕ್ಕೆತ್ತಿದ, ಎಳೆದ.

ಢಂ!!

ಆ ಸದ್ದನ್ನು ಏನೆನ್ನುವುದು! ದಬ್ಬೇಘಟ್ಟದ ಬಸ್ಸು ಟೈರು ಒಡೆಯಿತೆಂದು ನಿಂತಿತಂತೆ. ಹೊಗೆ ಸರಿದಾಗ ಮರದಲ್ಲಿ ಒಂದು ಕೋತಿಯೂ ಇರಲಿಲ್ಲ. ಇಡೀ ದಂಡು ಬೇಲಿ ಹಾರಿ ಕಾಡಸಿದ್ದಪ್ಪನ ತೋಟ ಸೇರಿತ್ತು. ಕಾಡಸಿದ್ದಪ್ಪ ಬೇವಿನ ಕಡ್ಡಿ ಬಿಸಾಡಿ “ಹಚಾ, ಹಚಾ” ಎಂದು ಓಡುತ್ತಿದ್ದ. ಪವಿತ್ರಾ ಚಪ್ಪಾಳೆ ತಟ್ಟಿದಳು. ಸೂರ್ಯಪ್ರಕಾಶ ಕೋವಿಯನ್ನು ಹೆಗಲಿಗೇರಿಸಿ, ದಿಗ್ವಿಜಯ ಮುಗಿಸಿದ ಪಾಳೇಗಾರನಂತೆ ಮೀಸೆಯಿರಬೇಕಾದ ಜಾಗವನ್ನು ತಿರುವಿದ.

“ನೋಡ್ದ್ಯಾ? ವಿಜ್ಞಾನ!”

“ಅದೆಲ್ಲ ಸರಿ ಕಣಪ್ಪ,” ಎಂದಳು ಹುಚ್ಚಕ್ಕ, “ಗಜ ಎಲ್ಲೋ?”

ನೆಲದಲ್ಲಿಲ್ಲ. ಬದುವಿನಲ್ಲಿಲ್ಲ. ಪವಿತ್ರಾ ನಿಧಾನಕ್ಕೆ ತಲೆಯೆತ್ತಿದಳು. ನಳಿಗೆಯಲ್ಲೇ ಮರೆತು ಬಿಟ್ಟಿದ್ದ ಗಜ ಈಡಿನ ಜೊತೆ ಹಾರಿ, ಅರವತ್ತಡಿ ಮೇಲೆ ಗರಿಬುಡದ ಹೆಡೆಮಟ್ಟೆಗಳ ಸಂದಿಯಲ್ಲಿ ಫಳಫಳ ಹೊಳೆಯುತ್ತಿತ್ತು. ಕಾಯಿ ಕೀಳುವ ರಂಗಪ್ಪ ಕಂದಿಕೆರೆಗೆ ಹೋಗಿದ್ದ, ಬರುವುದು ಗುರುವಾರ. ಗಜವಿಲ್ಲದೆ ಮದ್ದು ಜಡಿಯುವುದೆಂತು?

ಪವಿತ್ರಾ ದೇವರ ಮನೆಗೆ ಹೋಗಿ ಕ್ಯಾಲೆಂಡರಿನ ಹಿಂದಿನ ಹಾಳೆಯನ್ನು ತಂದು ಡಬ್ಬದ ಮೇಲಿಟ್ಟಳು.

ಸೋಮವಾರ ಬೆಳಿಗ್ಗೆ ಏಳಕ್ಕೆ, ತಲೆಗೆ ಟವೆಲ್ ಸುತ್ತಿಕೊಂಡ ಮೇಷ್ಟ್ರು ಮರದಡಿ ಡಬ್ಬ ಬಡಿಯುತ್ತಿದ್ದರು. ಮೇಲೆ, ಕಾಡಸಿದ್ದಪ್ಪನ ತೋಟದಿಂದ ವಾಪಸಾಗಿದ್ದ ಗಡವ ಗಜವನ್ನು ಕಿತ್ತುಕೊಂಡು, ಹೆಡೆಮಟ್ಟೆಗೆ ಟಕ್ ಟಕ್ ಎಂದು ಕುಟ್ಟುತ್ತಿತ್ತು.

ಕಿಟಕಿಯಲ್ಲಿ ಬಿಸಿ ಕಾಫಿ ಹಿಡಿದು ನಿಂತಿದ್ದ ಪವಿತ್ರಾ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

“ರೀ, ತಾಳ ತಪ್ತಾ ಇದೆ,” ಎಂದಳು. “ಅದರದ್ದಲ್ಲ, ನಿಮ್ದು.”