ಹನ್ನೆರಡಕ್ಕೆ ತಂದಿಟ್ಟ ಆಟ

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುವ ಮಲ್ಲಿಕಸಾಬನಿಗೆ ಒಂದು ಪದ್ಧತಿಯಿತ್ತು. ಯಾವ ಗಡಿಯಾರ ರಿಪೇರಿ ಮಾಡಿದರೂ ಎರಡೂ ಮುಳ್ಳುಗಳನ್ನು ಹನ್ನೆರಡಕ್ಕೆ ತಂದಿಟ್ಟೇ ಗಿರಾಕಿಯ ಕೈಗೆ ಕೊಡುವುದು. ಕೆಟ್ಟು ನಿಂತ ವೇಳೆಯನ್ನು ಗಿರಾಕಿಯ ಮನೆಗೆ ಮರಳಿ ಕಳಿಸಬಾರದೆಂದು ಅವನ ಅಪ್ಪ ಫಕ್ಕೀರಸಾಬ ಕಲಿಸಿದ್ದ. ಮೂವತ್ತು ವರ್ಷಗಳಲ್ಲಿ ಈ ಪದ್ಧತಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ, ಈ ಗುರುವಾರದ ತನಕ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕದರಮಂಡಲಗಿಯ ನಿಜಲಿಂಗಪ್ಪ ಮಾಸ್ತರರು ಬಂದು, ಕೈಯಲ್ಲಿ ಹಿಡಿದು ಆಡುವ ಒಂದು ಆಟದ ಯಂತ್ರವನ್ನು ಅವನ ಮುಂದಿಟ್ಟರು. ಮಲ್ಲಿಕಸಾಬನಿಗೆ ಮಗ್ಗಿ ಕಲಿಸಿದವರು ಅವರೇ. ಜಿಗಿಯುವ ಬಟನ್ ಒತ್ತಿದರೆ ಮೇಲೇಳುತ್ತಿಲ್ಲ ಎಂದರು.

“ನೀ ಯಾವಾಗಲೂ ಮಾಡಿದಂಗ ಮಾಡಿ ಇಡಪಾ. ಹಾವೇರಿಗೆ ಹೋಗಿ ಐದಕ್ಕ ಬರ್ತೇನಿ.”

ಇನ್ನೇನೋ ಹೇಳಲಿದ್ದವರು ಅದನ್ನು ನುಂಗಿಕೊಂಡು ಬಸ್ಸಿಗೆ ಹೊರಟುಹೋದರು.

ಬಟನ್ನಿನ ಅಡಿಯಲ್ಲಿ ಒಂದು ಚೂರು ಅವಲಕ್ಕಿ ಸಿಕ್ಕಿಕೊಂಡಿತ್ತು. ಅದನ್ನು ಚಿಮಟಿಗೆಯಿಂದ ತೆಗೆದ ಮಲ್ಲಿಕಸಾಬ ಯಂತ್ರ ಚಾಲೂ ಮಾಡಿದ. ಟೋಪಿ ಹಾಕಿದ ಮುಂಗುಸಿಯೊಂದು ಪರದೆಯ ಮೇಲೆ ಬಂದು, ಆಟ ಮುಂದುವರಿಸಲೋ ಮೊದಲಿನಿಂದ ಆಡಲೋ ಎಂದು ಕೇಳಿತು. ಅವನ ಹೆಬ್ಬೆರಳು ರೂಢಿಯ ಪ್ರಕಾರ ಮೊದಲಿನಿಂದ ಎಂದು ಒತ್ತಿತು. ಹಳೆಯದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದಿತು ಯಂತ್ರ. ಆಗಬಹುದು ಎಂದು ಒತ್ತಿ, ಕೆಲಸ ಅಚ್ಚುಕಟ್ಟಾಯಿತೆಂಬ ಸಮಾಧಾನದಲ್ಲಿ ಚಹಾ ಹೇಳಿದ.

ಚಹಾ ಬರುವ ಮೊದಲೇ ಮಾಸ್ತರರ ಹೆಂಡತಿ ನೀಲಗಂಗವ್ವನ ಫೋನು ಬಂತು. ಮೊಣಕಾಲಿನ ಆಪರೇಷನ್ ಆದಮೇಲೆ ಮಾಸ್ತರರು ಮೂರು ತಿಂಗಳು ಗೋಡೆ ನೋಡುತ್ತ ಮಲಗಿದ್ದರಂತೆ. ಮಗಳು ಭುವನಾ ಈ ಮುಂಗುಸಿಯನ್ನು ತಂದುಕೊಟ್ಟ ಮೇಲೆಯೇ ಮನೆಯಲ್ಲಿ ಮತ್ತೆ ಅವರ ನಗು ಕೇಳಿಸಿದ್ದು. ಎರಡು ವರ್ಷ ಬಿದ್ದು ಎದ್ದು, ಈಗ ಕೊನೆಯ ಹಂತವಾದ ಏಳಕ್ಕೆ ಬಂದಿದ್ದಾರಂತೆ.

“ಜ್ವಾಕಿ ತಮ್ಮಾ,” ಎಂದಳು ನೀಲಗಂಗವ್ವ. “ಅವರ ಜೀವಾನs ಅದರಾಗ ಐತಿ.”

ಮಲ್ಲಿಕಸಾಬನಿಗೆ ಹದಿಮೂರರ ಮಗ್ಗಿ ಬಾರದೆ ಅದೇ ಮಾಸ್ತರರ ಮುಂದೆ ನಿಂತ ದಿನ ನೆನಪಾಯಿತು. ಐದರೊಳಗೆ ಮುಂಗುಸಿಯನ್ನು ಏಳನೇ ಹಂತಕ್ಕೆ ಮುಟ್ಟಿಸದಿದ್ದರೆ ಅವರಿಗೆ ಮುಖ ತೋರಿಸುವುದು ಹೇಗೆ?

ಆಡತೊಡಗಿದ. ಹನ್ನೊಂದು ಗಂಟೆಯ ತನಕ ಮುಂಗುಸಿ ಮೊದಲನೇ ತಗ್ಗಿನಲ್ಲೇ ಬೀಳುತ್ತಿತ್ತು.

ಚಹಾ ತಂದ ಪಕ್ಕದ ಚಹಾದಂಗಡಿಯ ಮೆಹಬೂಬ ಬಗ್ಗಿ ನೋಡಿದ. ಇದು ಆ ಮುಂಗುಸಿ ಆಟದ ನಾಲ್ಕನೆಯ ಭಾಗ. ಮೊದಲಿನ ಎರಡನ್ನು ಅವನು ಸಣ್ಣವನಿದ್ದಾಗ ರಾಣೇಬೆನ್ನೂರಿನ ವಿಡಿಯೋ ಗೇಮ್ ಅಂಗಡಿಯಲ್ಲಿ, ಶಾಲೆ ತಪ್ಪಿಸಿ ಆಡಿ ಮುಗಿಸಿದ್ದ.

“ಎರಡನೇ ಭಾಗದಾಗ ತಗ್ಗಿನ ಬಾಜೂ ಬಾವಿ ಹಿಂದ ಕಳ್ಳದಾರಿ ಇತ್ತು ಭಾಯಿ. ಹೊಕ್ಕು ನೋಡು.”

ಹೊಕ್ಕರೆ ಕಳ್ಳದಾರಿ ಅಲ್ಲೇ ಇತ್ತು. ಮುಂಗುಸಿ ಸೀದಾ ಮೂರನೇ ಹಂತಕ್ಕೆ ಹೋಗಿ ಬಿತ್ತು. ಅಲ್ಲೊಂದು ಕಲ್ಲಿನ ಏಡಿ ದಾರಿ ಅಡ್ಡಗಟ್ಟಿ ನಿಂತಾಗ, ಗದ್ದಲ ಕೇಳಿ ಎದುರಿನ ಟೇಲರ್ ಹೀನಾ ಕತ್ತರಿ ಹಿಡಿದೇ ಓಡಿಬಂದಳು. ಅವಳು ಮೂರನೇ ಭಾಗವನ್ನು ಅಣ್ಣಂದಿರ ಜೊತೆ ಜಗಳಾಡಿ ಆಡಿದವಳು. ಬೆನ್ನ ಮೇಲೆ ಮೂರು ಸಲ ಜಿಗಿದರೆ ಏಡಿ ಸಾಯುತ್ತದೆಂದಳು. ಸತ್ತಿತು.

“ಹಳೇ ಕುಬಸಕ್ಕ ಹೊಸಾ ಅಂಚು ಹಚ್ಚಿ ಮಾರ್ಯಾರ ಚಾಚಾ,” ಎಂದು ಹೀನಾ ಮೂಗು ಮುರಿದಳು. ಮಲ್ಲಿಕಸಾಬ ಮಾತ್ರ ಆ ಆಟ ಮಾಡಿದವರನ್ನು ಮನಸಾರೆ ಹರಸಿದ. ಅವರಿಗೆ ಒಂದೇ ಒಂದು ಹೊಸ ವಿಚಾರ ಹೊಳೆದಿದ್ದರೂ ಅವನ ಕತೆ ಮುಗಿಯುತ್ತಿತ್ತು.

ಮುಂದೆ ನೇತಾಡುವ ಏಣಿ ಬಂತು, ಅದು ಮೊದಲನೇ ಭಾಗದ್ದು. ಉರುಳುವ ಗುಂಡು ಬಂತು, ಅದು ಮೂರನೆಯದರದ್ದು. ಒಬ್ಬರು ಬಲಕ್ಕೆಂದರೆ ಇನ್ನೊಬ್ಬರು ಎಡಕ್ಕೆ ಎನ್ನುವರು. ಐದನೇ ಹಂತದ ಕೊನೆಯಲ್ಲಿ ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರೊಂದು ಅಂಗಡಿಯ ಮುಂದೆ ಹಾದುಹೋಯಿತು. ಮಾರ್ಕೆಟ್ಟಿನ ಸುಗ್ಗಿಯಲ್ಲಿ ಅದೇನು ಹೊಸದಲ್ಲ. ಆದರೆ ಆ ಘಾಟಿಗೆ ಮಲ್ಲಿಕಸಾಬನಿಗೆ ಬರುವ ಸೀನು ಒಂಟಿಯಲ್ಲ, ಮೂರು. ಮೂರನೇ ಸೀನಿಗೆ ಮುಂಗುಸಿ ಕೆರೆಗೆ ಹಾರಿ, ಇಡೀ ಹಂತ ಮತ್ತೆ ಆಡಬೇಕಾಯಿತು. ಆಗಿನಿಂದ ಮೆಹಬೂಬ, ಟ್ರ್ಯಾಕ್ಟರ್ ಬಂದರೆ ಕೂಗಿ ಹೇಳಲು ಬಾಗಿಲಲ್ಲಿ ನಿಂತು ಕಾಯತೊಡಗಿದ. ಅತ್ತ ಅವನ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ತಳ ಹತ್ತಿತು. ಹೀನಾಳ ಅಂಗಡಿಯಲ್ಲಿ ಮದುವೆಮನೆಯ ಆರು ಕುಬಸಗಳು ತೋಳಿಲ್ಲದೆ ಕೂತವು. ಮಲ್ಲಿಕಸಾಬನ ಗಿರಾಕಿಗಳು ನಿಂತ ಗಡಿಯಾರಗಳನ್ನೇ ನೋಡಿ ವಾಪಸು ಹೋದರು.

ಐದಕ್ಕೆ ಹತ್ತು ನಿಮಿಷವಿರುವಾಗ ಮುಂಗುಸಿ ಏಳನೇ ಹಂತದ ಬಾಗಿಲಲ್ಲಿ ಕಾಲಿಟ್ಟಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಣ್ಣ ಮಕ್ಕಳಂತೆ ನಕ್ಕರು.

ಮಾಸ್ತರರು ಬಂದರು. ಯಂತ್ರ ಕೈಗೆ ತೆಗೆದುಕೊಂಡು ಪರದೆ ನೋಡಿದರು. ಅವರ ಮುಖ ಬಾಡಿತು.

“ಏಳನೇದರಾಗs ಐತಲ್ಲೋ.”

“ಅಲ್ಲೇ ಐತ್ರಿ ಸರ್,” ಎಂದ ಮಲ್ಲಿಕಸಾಬ, ಬೆವರು ಒರೆಸಿಕೊಳ್ಳುತ್ತ.

ಮಾಸ್ತರರು ಸ್ಟೂಲಿನ ಮೇಲೆ ಕುಳಿತರು. ಆಟ ಮುಗಿದು ಎಂಟು ದಿನವಾಗಿತ್ತಂತೆ. ಮತ್ತೆ ಗೋಡೆ ನೋಡುವ ದಿನ ಬಂತೆಂದು ಹೆಂಡತಿ ಹೆದರಿಯಾಳೆಂದು ಹೇಳಿರಲಿಲ್ಲವಂತೆ.

“ಮೊದಲಿಂದ ಆಡಬೇಕು ಅಂತ ಭಾಳ ಮನಸಪಾ. ಆದ್ರ ಅಳಿಸಲೇನು ಅಂತ ಕೇಳತೈತಿ ನೋಡು, ಹೂಂ ಅನ್ನಾಕ ಬೆರಳು ಬರವಲ್ದು. ನೀ ಏನು ಕೊಟ್ರೂ ಹನ್ನೆರಡಕ್ಕ ತಂದು ಕೊಡ್ತಿ, ಇದನ್ನೂ ತರ್ತಿ ಅಂತ ನಿನ್ನ ಕಡೆ ತಂದಿದ್ದೆ.”

ಮಲ್ಲಿಕಸಾಬ ಯಂತ್ರ ಇಸಿದುಕೊಂಡು, ಈಗಲೇ ಮಾಡಿಕೊಡುತ್ತೇನೆಂದ. ಯಂತ್ರ ಅದೇ ಪ್ರಶ್ನೆ ಕೇಳಿತು. ಮೆಹಬೂಬ ಸೀದ ಪಾತ್ರೆ ಹಿಡಿದು ನೋಡುತ್ತಿದ್ದ. ಹೀನಾ ಉಸಿರು ಬಿಗಿಹಿಡಿದಿದ್ದಳು. ಸಾವಿರಾರು ಗಡಿಯಾರಗಳನ್ನು ಹನ್ನೆರಡಕ್ಕೆ ತಂದ ಹೆಬ್ಬೆರಳು ಬಟನ್ನಿನ ಮೇಲೆ ನಿಂತುಬಿಟ್ಟಿತು. ಇಡೀ ದಿನದ ಕಷ್ಟ ಅದರೊಳಗಿತ್ತು. ಅವನಿಂದಾಗಲಿಲ್ಲ.

“ನಿನಗೂ ಬರವಲ್ದು, ಹೌದಲ್ಲ?” ಎಂದರು ಮಾಸ್ತರರು ಮೆಲ್ಲಗೆ.

ಬಾಗಿಲು ಕಾಯುವುದನ್ನು ಮೆಹಬೂಬ ಮರೆತಿದ್ದ. ಟ್ರ್ಯಾಕ್ಟರ್ ಬಂದೇ ಬಂತು. ಮೊದಲನೇ ಸೀನಿಗೇ ಹೆಬ್ಬೆರಳು ಒತ್ತಿತು. ಉಳಿದೆರಡು ಸೀನು ಮುಗಿಸಿ ಕಣ್ಣು ತೆರೆದರೆ, ಮುಂಗುಸಿ ಮೊದಲನೇ ತಗ್ಗಿನ ಮುಂದೆ ಹೊಸ ಟೋಪಿ ಹಾಕಿಕೊಂಡು ನಿಂತಿತ್ತು.

ಮಾಸ್ತರರ ಮುಖ ಅರಳಿತು. ಯಂತ್ರವನ್ನು ಎದೆಗೆ ಅವಚಿಕೊಂಡು, ಹೇಳಿಕೊಡಲು ಬಾಯಿ ತೆರೆದ ಮೆಹಬೂಬನನ್ನು ಕೈಯೆತ್ತಿ ತಡೆದರು. “ಯಾರೂ ಏನೂ ಹೇಳಬ್ಯಾಡ್ರಿ. ನಾನs ಬೀಳ್ತೇನಿ.” ಬಸ್ ಸ್ಟ್ಯಾಂಡಿನ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದರು.

ಹೀನಾ ಚಾಚಾನ ಮುಖವನ್ನೂ ನೋಡದೆ ಕುಬಸಗಳತ್ತ ನಡೆದಳು. ಮಲ್ಲಿಕಸಾಬ ಕುರ್ಚಿಯಲ್ಲಿ ಕುಸಿದು, ತಲೆ ಸಿಡಿಯುತ್ತಿದೆ, ಒಂದು ಕಪ್ ಚಹಾ ಕೊಡು ಎಂದು ಮೆಹಬೂಬನನ್ನು ಕೇಳಿದ.

ಮೆಹಬೂಬ ಕರಿಹಿಡಿದ ಪಾತ್ರೆಯನ್ನು ಅವನ ಮುಂದಿಟ್ಟ.

“ಚಹಾನೂ ಮೊದಲಿಂದನs ಆಗಬೇಕು ಭಾಯಿ. ಪಾತ್ರೆ ತಿಕ್ಕು, ಹಾಲು ತಗೊಂಡು ಬಾ.”