ನಿಧಾನ ಕಲಿತ ಚಿಟಿಕೆ

ಚಿಟಿಕೆ ಹೊಡೆಯುವಷ್ಟರಲ್ಲಿ ಬನ್ನು ಕಟ್ಟಿ ಕೈಗಿಡುತ್ತಿದ್ದುದರಿಂದ ಅವನಿಗೆ ಚಿಟಿಕೆ ಎಂದೇ ಹೆಸರು. ಇಪ್ಪತ್ತು ವರ್ಷ ಆ ಕೈಚಳಕವೇ ಅನ್ನ ಹಾಕಿತ್ತು. ಈಗ ಅದೇ ಮುಳುವಾಯಿತು. ಅವಸರವಿಲ್ಲದೆ ಬೇಯಿಸಿ ಅವಸರವಿಲ್ಲದೆ ಉಣ್ಣುವ 'ನಿಧಾನ ಊಟ'ದ ಗಾಳಿ ಊರಿಗೆಲ್ಲ ಬೀಸಿ, ಮಾಲೀಕ ಅಂಗಡಿಯ ಬೋರ್ಡನ್ನೇ ಬದಲಾಯಿಸಿದ್ದ.

"ಇವತ್ತು ನಿಧಾನ ಊಟದ ಸಂಘದಿಂದ ಒಬ್ರು ಗುಟ್ಟಾಗಿ ಪರೀಕ್ಷೆಗೆ ಬರ್ತಾರೆ. ಅವಸರ ಕಂಡ್ರೆ ನಮಗೆ ಸರ್ಟಿಫಿಕೇಟ್ ಇಲ್ಲ, ನಿನಗೆ ಕೆಲಸ ಇಲ್ಲ," ಎಂದು ಹೇಳಿ ಮಾಲೀಕ ಬೆಳಿಗ್ಗೆಯೇ ಹೊರಟುಹೋದ.

ಐವತ್ತು ದಾಟಿದವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಚಿಟಿಕೆ ಕಾಳನ್ನು ಸಣ್ಣ ಉರಿಯಲ್ಲಿಟ್ಟು ಕೈಕಟ್ಟಿ ನಿಂತ. ಕೈಗಳು ಮಾತ್ರ ಬುಟ್ಟಿಯೊಳಗಿನ ಕೋಳಿಗಳಂತೆ ಒದ್ದಾಡುತ್ತಿದ್ದವು.

"ಗುರುತು ಹಿಡಿಯೋದೇನು ಕಷ್ಟ?" ಎಂದಳು ಪಾತ್ರೆ ತೊಳೆಯುವ ಅಕ್ಕ. "ಆರಾಮಾಗಿ ಬಂದು ಕೂರೋರೇ ಅವರು. ನಿಧಾನದೋರು ಓಡ್ಕೊಂಡು ಬರ್ತಾರಾ?"

ಹನ್ನೆರಡಕ್ಕೆ ಒಬ್ಬ ಏದುಸಿರು ಬಿಡುತ್ತ ನುಗ್ಗಿದ. "ಏನಿದ್ಯೋ ಅದನ್ನೇ ಕೊಡಿ, ಬೇಗ."

"ಕಾಳು ಬೇಯ್ಬೇಕು, ಕೂತ್ಕೊಳ್ಳಿ."

"ಕೂರೋಕೆ ಪುರುಸೊತ್ತಿಲ್ಲಪ್ಪ."

ಈ ಗಡಿಬಿಡಿ ಪರೀಕ್ಷೆಯವರ ಕಣ್ಣಿಗೆ ಬಿದ್ದರೆ ಮುಗಿಯಿತು. ಚಿಟಿಕೆ ತನಗೆಂದು ತಂದಿದ್ದ ಬನ್ನಿಗೆ ಜಾಮು ಸವರಿ, ಅರ್ಧ ನಿಮಿಷದಲ್ಲಿ ಕಟ್ಟಿ, ಅವನನ್ನು ಹಿಂಬಾಗಿಲಿನಿಂದ ಸಾಗಹಾಕಿದ. "ಪೀಡೆ ತೊಲಗ್ತು," ಎಂದಳು ಅಕ್ಕ.

ಎರಡು ಗಂಟೆಗೆ ಬಂದ ಆಸಾಮಿಯೇ ಬೇರೆ. ಬಾಗಿಲಲ್ಲಿ ಚಪ್ಪಲಿ ಒರೆಸಿ, ಒಲೆಯಿಂದ ಪಾತ್ರೆಯವರೆಗೆ ಎಲ್ಲವನ್ನೂ ಕಣ್ಣಲ್ಲೇ ಅಳೆದು, ಮೂಲೆಯಲ್ಲಿ ಕೂತ. ಅಕ್ಕ ಚಿಟಿಕೆಯ ಪಕ್ಕೆಗೆ ತಿವಿದಳು.

ಮುಂದಿನ ಎರಡು ಗಂಟೆ ಚಿಟಿಕೆ ಜೀವಮಾನದಲ್ಲಿ ಮಾಡದ ಅಡುಗೆ ಮಾಡಿದ. ಬಡಿಸಿದಾಗ ಆಸಾಮಿ ಚಮಚ ಚಮಚಕ್ಕೂ ಕಣ್ಣು ಮುಚ್ಚಿದ. "ಇಂಥ ಊಟ ಮಾಡಿ ಎಷ್ಟು ವರ್ಷ ಆಗಿತ್ತೋ," ಎಂದ. ಚಿಟಿಕೆಗೆ ಅಳುವೇ ಬಂತು. ಇಷ್ಟು ವರ್ಷ ತಾನು ಯಾರಿಗೂ ಊಟ ಹಾಕಿರಲೇ ಇಲ್ಲ, ಬರೀ ಪೊಟ್ಟಣ ಕಟ್ಟಿದ್ದೆ ಎನಿಸಿತು.

ಅಷ್ಟರಲ್ಲಿ ಮಾಲೀಕ ಬಂದ. ನೇರ ಆಸಾಮಿಯ ಬಳಿ ಹೋಗಿ, "ಊಟ ಆಯ್ತಾ? ನಾಳೆಯಿಂದ ಬಂದ್ಬಿಡಿ," ಎಂದ.

"ಪರೀಕ್ಷೆಯವ್ರು ನಾಳೆಯಿಂದ ಯಾಕೆ ಬರ್ಬೇಕು ಸಾರ್?" ಎಂದ ಚಿಟಿಕೆ.

"ಅವರು ಹನ್ನೆರಡಕ್ಕೇ ಬಂದು ಹೋದ್ರು. ಪಾಪ, ಒಂದೇ ದಿನ ಹದಿನಾಲ್ಕು ಅಂಗಡಿ ನೋಡ್ಬೇಕಂತೆ, ಓಡ್ಕೊಂಡೇ ಬಂದ್ರಂತೆ. ನೀನು ಬನ್ನು ಕೈಗಿಟ್ಟು ಹಿಂಬಾಗಿಲಿಂದ ಅಟ್ಟಿದ್ಯಂತೆ. ಫೋನಲ್ಲೇ ಉಗಿದ್ರು. ಅದಕ್ಕೇ ನಿನ್ನ ಜಾಗಕ್ಕೆ ಇವರನ್ನ ಕರೆಸ್ದೆ."

ಆಸಾಮಿ ಸಂಕೋಚದಿಂದ ಎದ್ದು ನಿಂತ. "ಆ ಕಾಳು ಹೇಗೆ ಬೇಯಿಸಿದ್ರಿ ಅಣ್ಣ, ಸ್ವಲ್ಪ ಹೇಳ್ಕೊಡ್ತೀರಾ?"

ಚಿಟಿಕೆ ಎಲ್ಲವನ್ನೂ ಹೇಳಿಕೊಟ್ಟ. ಏಪ್ರನ್ನಿನ ಗಂಟು ಬಿಚ್ಚಲು ಮಾತ್ರ ಅವನಿಗೆ ತುಂಬ ಹೊತ್ತು ಹಿಡಿಯಿತು.